ಬಣ್ಣದ ಮನೆಯ ಬೋರು

ಮುತ್ತುರಾಜ ತೀರಿಕೊಂಡ ಮೇಲೆ ಅವನ ಕೆಲಸವೇ ಹೆಂಡತಿ ಮಹಾದೇವಿಗೆ ಬಂತು. ಬಾಗಲಕೋಟೆಯ ನವನಗರದಲ್ಲಿ ನೀರು ಪರೀಕ್ಷೆ ಮಾಡುವ ಖಾಸಗಿ ಪ್ರಯೋಗಾಲಯವೊಂದಿತ್ತು. ಊರೂರು ತಿರುಗಿ ನೀರಿನ ಮಾದರಿ ಹಿಡಿದು ತರುವುದು ಅವನ ಕೆಲಸ. ದಿನಕರ್ಮಗಳೆಲ್ಲ ಮುಗಿದ ಮೇಲೆ ಪ್ರಯೋಗಾಲಯದ ರಾಜಶ್ರೀ ಮೇಡಂ ಮನೆಗೆ ಬಂದರು. ಚಾಪೆಯ ಅಂಚಿನಲ್ಲಿ ಕುಳಿತು, ಕೊಟ್ಟ ಚಹಾ ಕುಡಿದು ಹೇಳಿದರು:

"ನೀವೂ ಬಿಎಸ್ಸಿ ಓದೀರಿ. ಮನ್ಯಾಗ ಕುಂತು ಏನ್ ಮಾಡ್ತೀರಿ ಮಹಾದೇವಿ? ಬರ್ರಿ."

ಮಹಾದೇವಿ ಹೂಂ ಅಂದಳು. ಬೇಡ ಅನ್ನಲಿಕ್ಕೂ ಒಂದಿಷ್ಟು ಮನಸ್ಸು ಬೇಕಾಗುತ್ತದೆ. ಅಷ್ಟು ಅವಳಲ್ಲಿ ಆಗ ಇರಲಿಲ್ಲ.

ಹೊಟ್ಟೆನೋವು ಎಂದು ಮುತ್ತುರಾಜ ಮನೆಯಲ್ಲಿ ಬಾಯಿಬಿಟ್ಟಿದ್ದು ಮುಂಗಾರು ಸುರುವಾದ ಮೇಲೆ. ದವಾಖಾನೆಯಲ್ಲಿ ಗಡ್ಡೆ ಎಂದರು. ಅದು ಆಗಲೇ ಲಿವರಿಗೂ ಹಬ್ಬಿತ್ತು. ಮೊದಲೇ ಬಂದಿದ್ದರೆ ಎಂದು ಡಾಕ್ಟರು ಮಾತು ತೆಗೆದು ಅಲ್ಲಿಗೇ ನಿಲ್ಲಿಸಿದರು. ದಸರೆ ಹೊತ್ತಿಗೆ ಅವನಿರಲಿಲ್ಲ. ಬಾದಾಮಿ ಬದಿಯ ತಮ್ಮ ಊರಿನ ಹೊಲದಲ್ಲಿ, ಹಣೆಗೆ ಮನೆದೇವರು ಬೀರಪ್ಪನ ಭಂಡಾರದ ಅರಿಸಿನ ಹಚ್ಚಿ ಮಣ್ಣು ಮಾಡಿದರು. ಅತ್ತೆ ಬೋರವ್ವ ಎದೆ ಬಡಿದುಕೊಂಡು ಅತ್ತಳು. ಸುತ್ತ ನಿಂತ ಹೆಂಗಸರು ಮಹಾದೇವಿಯ ಮುಖವನ್ನೇ ನೋಡುತ್ತಿದ್ದರು. ಅವಳಿಗೆ ಕಾಣುತ್ತಿದ್ದದ್ದು ಎದುರಿಗಿದ್ದ ಯಾರದೋ ಚಪ್ಪಲಿ ಮಾತ್ರ. ಅದರ ಬಾರು ಕಿತ್ತಿತ್ತು, ಅದಕ್ಕೊಂದು ಪಿನ್ನು ಸಿಕ್ಕಿಸಿದ್ದರು. ಆ ಚಪ್ಪಲಿ ಮನೆಯತನಕ ಹೋಗಿ ಮುಟ್ಟುತ್ತದೋ ಇಲ್ಲವೋ ಎಂದು ಅವಳು ಯೋಚಿಸುತ್ತಿದ್ದಳು.

ಕೆಲಸ ಬೇಗ ಕೈಗೆ ಹತ್ತಿತು. ಕಾರ್ಖಾನೆ, ಕಲ್ಲಿನ ಕ್ವಾರಿ, ಕಸ ಸುರಿಯುವ ಜಾಗ, ಇಂಥವುಗಳ ಬದಿಗೆ ನೆಲದಡಿಯ ನೀರು ಕೆಡುತ್ತಿದೆಯೇ ಎಂದು ನೋಡಲಿಕ್ಕೆಂದೇ ಸಣ್ಣ ಬೋರು ಕೊರೆದಿರುತ್ತಾರೆ. ಅದರ ನೀರು ಕುಡಿಯಲಿಕ್ಕಲ್ಲ, ಹೊಲಕ್ಕೂ ಅಲ್ಲ. ಆ ನೀರನ್ನು ಬಾಟಲಿಗೆ ಹಿಡಿದು ತರಬೇಕು. ಕೇಳಲಿಕ್ಕೆ ಸುಲಭ. ಆದರೆ ಪಂಪನ್ನು ಜೋರಾಗಿ ಬಿಟ್ಟರೆ ಬೋರಿನೊಳಗಿನ ನೀರು ಸರ್ರನೆ ಕೆಳಗಿಳಿಯುತ್ತದೆ. ಆ ಸೆಳೆತಕ್ಕೆ ಸುತ್ತಲಿನ ಮಣ್ಣು ಕದಡಿ ಒಳಗೆ ಬರುತ್ತದೆ. ಮಣ್ಣಿನಲ್ಲಿ ಸೀಸ, ಕ್ರೋಮಿಯಂ ಮೊದಲಾದ ಲೋಹಗಳು ತಮ್ಮಷ್ಟಕ್ಕೆ ಅಂಟಿಕೊಂಡಿರುತ್ತವೆ. ಲೋಹ ನೋಡುವ ಬಾಟಲಿಗೆ ಆಸಿಡ್ಡು ಹಾಕುವುದರಿಂದ ಅವು ಮಣ್ಣಿನಿಂದ ಬಿಡಿಸಿಕೊಂಡು ನೀರಿಗೆ ಇಳಿಯುತ್ತವೆ. ಮಣ್ಣಿನದು ಯಾವುದು, ನೀರಿನದು ಯಾವುದು ಎಂದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಆದ್ದರಿಂದ ಬೋರಿಗೆ ಸುತ್ತಲಿನಿಂದ ಎಷ್ಟು ನೀರು ಬಂದು ಸೇರುತ್ತದೋ ಅಷ್ಟನ್ನೇ ಮೆಲ್ಲಗೆ ಎಳೆಯಬೇಕು. ಮಟ್ಟ ನಾಲ್ಕು ಬೆರಳಿಗಿಂತ ಹೆಚ್ಚು ಇಳಿಯಕೂಡದು.

ಅದನ್ನು ಅಳೆಯಲು ಉದ್ದನೆಯ ಟೇಪಿರುತ್ತದೆ. ಅದರ ತುದಿ ನೀರು ಮುಟ್ಟಿದೊಡನೆ ಮೇಲೆ ಟೇಪು ಸುತ್ತಿದ ಗಾಲಿ ಕುಂಯ್ ಎನ್ನುತ್ತದೆ. ಮಟ್ಟ ಇಳಿಯತೊಡಗಿದರೆ ಪಂಪಿನ ಗುಂಡಿ ಹಿಂದಕ್ಕೆ ತಿರುಗಿಸುವುದು, ನಿಂತರೆ ಹಾಗೇ ಬಿಡುವುದು. ಕೊಳವೆಯಲ್ಲಿ ಬರುವ ನೀರು ತಿಳಿಯಾಗಿ, ನೀರಿನ ಗುಣ ತೋರಿಸುವ ಮೀಟರಿನ ಅಂಕಿಗಳು ಅಲುಗಾಡದೆ ನಿಲ್ಲುವವರೆಗೆ ಕಾಯುವುದು. ಆಮೇಲೆ ಬಾಟಲಿ. ನೋಡುವವರಿಗೆ ಒಬ್ಬ ಹೆಂಗಸು ಬಿಸಿಲಲ್ಲಿ ಕೊಡೆ ನೆಟ್ಟುಕೊಂಡು ಸುಮ್ಮನೆ ಕುಳಿತಂತೆ ಕಾಣುತ್ತದೆ. ಮಹಾದೇವಿಗೆ ಅದು ಒಗ್ಗಿತು. ಬೇರೇನೂ ಯೋಚಿಸಬೇಕಾಗಿರಲಿಲ್ಲ. ಅವಳೇನು ಯೋಚನೆಗಳನ್ನು ತಡೆದಿಟ್ಟುಕೊಂಡಿರಲಿಲ್ಲ, ಅವು ಬರುತ್ತಲೇ ಇರಲಿಲ್ಲ.

ಜೀಪು ನಡೆಸುವವನು ಅನೀಸ. ಮುತ್ತುರಾಜನ ಜೊತೆ ವರ್ಷಗಟ್ಟಲೆ ತಿರುಗಿದವನು, ಮಹಾದೇವಿಯನ್ನು ಮೊದಲಿಂದಲೂ ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದ. ರಸ್ತೆ, ಮಳೆ, ತನ್ನ ಮಗಳ ಸಾಲಿ, ಎಲ್ಲದರ ಬಗ್ಗೆ ಮಾತಾಡುತ್ತಿದ್ದ. ಮುತ್ತುರಾಜನ ಹೆಸರು ಮಾತ್ರ ಎತ್ತುತ್ತಿರಲಿಲ್ಲ. ಅವಳೂ ಕೇಳುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಮೇಡಂ ಇಳಕಲ್ಲಿಗೆ ಹೋಗಬೇಕು ಎಂದರು. ಊರಹೊರಗೆ ಸೀರೆ ನೂಲಿಗೆ ಬಣ್ಣ ಹಾಕುವ ಮನೆಯೊಂದಿತ್ತು. ಹಿಂದಿನ ಬೇಸಿಗೆಯಲ್ಲಿ ಅದರ ಹಿತ್ತಲಿನ ಬೋರಿನ ನೀರಿನಲ್ಲಿ ಸೀಸವೂ ಕ್ರೋಮಿಯಮ್ಮೂ ಮಿತಿಗಿಂತ ಬಹಳ ಹೆಚ್ಚು ಬಂದಿದ್ದವು. ಮಾಲಿನ್ಯ ತಡೆಯುವ ಸರಕಾರಿ ಕಚೇರಿಯಿಂದ ನೋಟಿಸು ಹೋಗಿ ಬಣ್ಣದ ಮನೆ ಮುಚ್ಚಿತ್ತು. ನಾವು ಅಂಥ ಲೋಹವಿರುವ ಬಣ್ಣ ಮುಟ್ಟಿಯೇ ಇಲ್ಲ, ಇನ್ನೊಮ್ಮೆ ನೋಡಿ ಎಂದು ಆ ಮನೆಯವರು ಓಡಾಡಿ ಓಡಾಡಿ ಈಗ ಮರುಪರೀಕ್ಷೆಗೆ ಒಪ್ಪಿಗೆ ಸಿಕ್ಕಿತ್ತು.

"ನಿಮಗ ತ್ರಾಸ ಅನಿಸಿದ್ರ ಬ್ಯಾರೆಯವ್ರನ್ನ ಕಳಸ್ತೇನಿ" ಎಂದರು ಮೇಡಂ.

"ನನಗ್ಯಾಕ ತ್ರಾಸರಿ?" ಎಂದಳು ಮಹಾದೇವಿ.

ಮೇಡಂ ಮರುಪರೀಕ್ಷೆಯ ಕಾಗದ ಅವಳ ಕೈಗೆ ಕೊಟ್ಟರು.

ಬಣ್ಣದ ಮನೆ ಎಂದರೆ ಎರಡು ಕೋಣೆ, ಮುಂದೆ ತಗಡಿನ ಚಪ್ಪರ. ಚಪ್ಪರದಡಿ ತಾಮ್ರದ ಹಂಡೆಗಳನ್ನು ಬೋರಲು ಹಾಕಿದ್ದರು. ನೂಲಿನ ಲಡಿ ತೂಗಹಾಕುವ ಬಿದಿರಿನ ಗಳಗಳ ಮೇಲೆ ಈಗ ಮನೆಯವರ ಬಟ್ಟೆ ಒಣಗುತ್ತಿತ್ತು. ಕಟ್ಟೆಯ ಮೇಲೆ ಕುಳಿತಿದ್ದ ನಜೀರಸಾಬ ಕಾಗದ ನೋಡಿ, ಹಿತ್ತಲ ಕಡೆ ಕೈ ತೋರಿಸಿ, ಒಳಗೆ ಹೋಗಿಬಿಟ್ಟ. ಅವನ ಹೆಂಡತಿ ಕಾಸಿಂಬಿ ಮಾತ್ರ ಹಿಂದೆಯೇ ಬಂದಳು. ಅರವತ್ತು ದಾಟಿದ ಹೆಂಗಸು. ಬೆರಳ ಸಂದಿನಲ್ಲಿ ಹಳೆಯ ನೀಲಿ ಇನ್ನೂ ಉಳಿದಿತ್ತು. ಬೇವಿನ ಗಿಡದ ಬುಡದಲ್ಲಿ, ಬೋರಿಗೆ ಎದುರಾಗಿ, ತಪ್ಪು ಮಾಡಿದರೆ ಹಿಡಿಯುವವಳಂತೆ ಕುಳಿತಳು.

ಮಹಾದೇವಿ ಟೇಪು ಇಳಿಸಿ ಮಟ್ಟ ಗುರುತು ಮಾಡಿಕೊಂಡಳು. ಪಂಪನ್ನು ಹಗ್ಗಕ್ಕೆ ಕಟ್ಟಿ, ಬೋರಿನ ಗೋಡೆಗೆ ತಾಗದ ಹಾಗೆ ಸಾವಕಾಶ ಒಳಗೆ ಬಿಟ್ಟಳು. ಹಚ್ಚಿದ ಕೂಡಲೇ ಮಟ್ಟ ಇಳಿಯತೊಡಗಿತು. ಇದು ನೀರು ಕಡಿಮೆ ಬರುವ ಬೋರು. ಗುಂಡಿಯನ್ನು ಹಿಂದಕ್ಕೆ ತಿರುಗಿಸಿದಳು. ಮತ್ತೂ ಇಳಿಯಿತು. ಇನ್ನೂ ಹಿಂದಕ್ಕೆ. ಕೊನೆಗೆ ಕೊಳವೆಯ ತುದಿಯಲ್ಲಿ ನೀರು ಮಗುವಿಗೆ ಹಾಲು ಕುಡಿಸುವ ಒಳಲೆಯಿಂದ ಬಿದ್ದಷ್ಟು ಸಣ್ಣಗಾಯಿತು. ಆಗ ಮಟ್ಟ ನಿಂತಿತು.

ಕಾಸಿಂಬಿ ಬಹಳ ಹೊತ್ತು ನೋಡಿದಳು.

"ಇಷ್ಟ ಸಣ್ಣಗ ಬಂದ್ರ ಬಾಟ್ಲಿ ಯಾವಾಗ ತುಂಬೂದು?"

"ತಡಾ ಆಗ್ತದ್ರಿ ಅವ್ವಾರ. ಜೋರ್ ಎಳದ್ರ ಮಣ್ಣ ಬರ್ತದ."

"ಹೋದ ಸಲ ಬಂದಿದ್ದಂವ ಹಿಂಗೇನ ಮಾಡಲಿಲ್ಲ."

ಮಹಾದೇವಿ ಟೇಪಿನಿಂದ ಕಣ್ಣೆತ್ತಲಿಲ್ಲ. ಕಾಸಿಂಬಿ ತಾನಾಗಿಯೇ ಮುಂದುವರಿಸಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸಾಕಷ್ಟು ಸಲ ಹೇಳಿ ಸವೆದ ಮಾತಿನ ಹಾಗಿತ್ತು.

"ಬುರ್ ಅಂತ ಹಚ್ಚಿದ. ನೀರು ಇಟ್ಟಂಗಿ ಕರಗಿಸಿದಂಗ ಕೆಂಪಗ ಬಂತು. ನಾ ಅಂದೆ, ಇದೇನಪಾ, ನಮ್ಮ ಬೋರಾಗ ಇಂಥಾ ನೀರಿಲ್ಲಲ್ಲ ಅಂತ. ಅಂವಗ ಕೇಳಿಸಿತೋ ಇಲ್ಲೋ. ಇದ ಗಿಡದ ಬುಡಕ್ಕ ಹೊಟ್ಟಿ ಹಿಡಕೊಂಡು ಬಾಗಿ ಕುಂತಿದ್ದ. ಮಾರಿ ಮ್ಯಾಲ ಬೆವರ ಅಂದ್ರ ಬೆವರ."

ಗಾಲಿ ಕುಂಯ್ ಅಂದಿತು. ಮಹಾದೇವಿ ಅಂಕಿ ನೋಡಿದಳು. ಮಟ್ಟ ಅಲ್ಲೇ ಇತ್ತು.

"ಆಮ್ಯಾಲ ಗ್ವಾಡಿ ಹಿಂದ ಹೋಗಿ ವಾಂತಿ ಮಾಡಕೊಂಡ. ನಾ ಅಜವಾನ ಕುದಿಸಿ ನೀರು ಕೊಟ್ಟೆ. ಕುಡುದು, ನಿಮ್ಮ ಉಪಕಾರ ಆತ್ರೀ ಅಂದ. ಛಲೋ ಹುಡುಗ, ಖರೆ ಹೇಳಬೇಕಂದ್ರ. ಬಾಟ್ಲಿ ತುಂಬಿಕೊಂಡು ಹೋಗುವಾಗ ಡ್ರೈವರಗ ಅಂತಿದ್ದ, ಮನ್ಯಾಗ ಹೇಳಬ್ಯಾಡಪಾ, ಸುಮ್ಮ ಗಾಬರಿ ಆಗ್ತಾರ ಅಂತ."

"ಯಾವಾಗರಿ ಇದು?"

"ಹೋಳಿ ಹುಣ್ಣಿಮಿ ಮುಂದ."

ಹೋಳಿಯಿಂದ ಮುಂಗಾರಿನವರೆಗೆ ಇಡೀ ಬೇಸಿಗೆಯೊಂದು ಇತ್ತು. ಆ ಬೇಸಿಗೆಯಲ್ಲಿ ಅವನು ದಿನಾ ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಂಡು ಹೋಗುತ್ತಿದ್ದ. ಸಂಜೆ ಬುತ್ತಿಡಬ್ಬಿ ಖಾಲಿಯಾಗಿಯೇ ಬರುತ್ತಿತ್ತು. ಯಾರಿಗೆ ಕೊಡುತ್ತಿದ್ದನೋ. ಮಹಾದೇವಿಗೆ ಈಗಲಾದರೂ ಅಳು ಬರಬಹುದು ಅನ್ನಿಸಿತು. ಕಾದಳು. ಏನೂ ಆಗಲಿಲ್ಲ. ಕೊಳವೆಯ ನೀರು ತಿಳಿಯಾಗುತ್ತಿತ್ತು. ಮೀಟರಿನ ಅಂಕಿಗಳು ಒಂದೊಂದಾಗಿ ನಿಂತವು. ಅವಳು ಬಾಟಲಿಗಳ ಮುಚ್ಚಳ ತೆಗೆದು, ಒಂದೊಂದನ್ನೇ ಹಿಡಿದು, ಚೀಟಿ ಅಂಟಿಸಿ ಐಸಿನ ಪೆಟ್ಟಿಗೆಯಲ್ಲಿಟ್ಟಳು.

"ಅಂವ ಈಗ ಹ್ಯಾಂಗದಾನ?" ಕಾಸಿಂಬಿ ಕೇಳಿದಳು.

ಮಹಾದೇವಿ ಹಗ್ಗ ಸುತ್ತುತ್ತ, "ಈಗ ಕೆಲಸಕ್ಕ ಬರೂದಿಲ್ಲರಿ" ಎಂದಷ್ಟೇ ಹೇಳಿದಳು.

ಹುನಗುಂದ ದಾಟಿದ ಮೇಲೆ ಜೀಪಿನಲ್ಲಿ ಅವಳು ಕೇಳಿದಳು.

"ಅನೀಸಭಾಯಿ, ಹೋಳಿ ಮುಂದನ ಅವ್ರಿಗೆ ನೋವಿತ್ತೇನು?"

ಅನೀಸ ಜೀಪು ನಿಧಾನ ಮಾಡಿದ. ನಿಲ್ಲಿಸಲಿಲ್ಲ.

"ಇತ್ರಿ ವೈನಿ. ಗ್ಯಾಸ್ ಆಗೇತಿ ಅಂತಿದ್ದ. ಅಂಗಡ್ಯಾಗ ಗುಳಿಗಿ ತಗೊಂಡು ನುಂಗತಿದ್ದ. ನಿಮಗ ಹೇಳಬಾರದಂತ ನನ್ನ ಕಡಿಂದ ಕಸಮ ಹಾಕಿಸಿದ್ದ." ಗೇರು ಬದಲಿಸುತ್ತ ಹೇಳಿದ, "ನಾ ಹೇಳಿದ್ರ ಉಳೀತಿದ್ನೇನೋ ಅನಿಸ್ತದ. ದಿನಾ ಅನಿಸ್ತದ."

"ಹೊಳ್ಳಿ ಯಾಕ ಆ ಮಾತು" ಎಂದಳು ಮಹಾದೇವಿ. ಅವನ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಅವನಿಗೂ ಸ್ವಲ್ಪ ಹಗುರಾಗುತ್ತಿತ್ತೇನೋ.

ಫಲಿತಾಂಶ ಬಂತು. ಸೀಸ, ಕ್ರೋಮಿಯಂ ಎರಡೂ ಮಿತಿಯೊಳಗೆ ಇದ್ದವು. ನೈಟ್ರೇಟು ಮಾತ್ರ ಜಾಸ್ತಿ ಇತ್ತು. ಅದು ಆ ಓಣಿಯ ಶೌಚಗುಂಡಿಗಳದ್ದಿರಬೇಕು, ಬಣ್ಣದ್ದಲ್ಲ. ಹಿಂದಿನದಕ್ಕೂ ಇದಕ್ಕೂ ಇಷ್ಟು ವ್ಯತ್ಯಾಸ ಏಕೆ ಎಂದು ವರದಿಯಲ್ಲಿ ಬರೆಯಬೇಕಿತ್ತು. ರಾಜಶ್ರೀ ಮೇಡಂ ಬಾಗಿಲು ಮುಂದೆ ಮಾಡಿ ಅವಳನ್ನು ಕೂರಿಸಿಕೊಂಡರು.

"ಆವತ್ತು ಪಂಪಿನ ಗುಂಡಿ ಕೆಟ್ಟಿತ್ತು, ಜೋರಾಗಿ ಓಡಿತು ಅಂತ ಬರೀಬಹುದು ಮಹಾದೇವಿ. ಬಣ್ಣದ ಮನಿಯವ್ರಿಗೆ ನ್ಯಾಯ ಸಿಗ್ತದ. ಮುತ್ತುರಾಜನ ಹೆಸರೂ ಉಳೀತದ."

ಮೇಡಂ ಕೆಟ್ಟವರಲ್ಲ. ಸತ್ತವನ ಮೇಲೆ ತಪ್ಪು ಹೊರಿಸಲು ಅವರಿಗೂ ಮನಸ್ಸಿರಲಿಲ್ಲ. ಅದು ಮಹಾದೇವಿಗೂ ತಿಳಿಯುತ್ತಿತ್ತು.

"ಪಂಪು ಕೆಟ್ಟಿರಲಿಲ್ಲರಿ ಮೇಡಂ. ಜೋರ್ ಎಳದಾರ. ಹೊಟ್ಟಿ ನೋಯ್ತಿತ್ತು, ಬೇಗ ಮುಗಿಸಬೇಕಾಗಿತ್ತು." ತನ್ನ ದನಿ ಇನ್ಯಾರದೋ ಎಂಬಂತೆ ಅವಳಿಗೆ ಕೇಳುತ್ತಿತ್ತು. "ಪಂಪು ಕೆಟ್ಟಿತ್ತಂದ್ರ ಅದೊಂದ ದಿನದ ಮಾತಾತು. ಹೋಳಿಯಿಂದ ಮಳಿಗಾಲತನಕ ಅವ್ರು ಎಲ್ಲೆಲ್ಲಿ ಹಿಡದಾರ, ಎಲ್ಲಾ ಮತ್ತೊಮ್ಮೆ ನೋಡಬೇಕಾಗ್ತದರಿ. ಬ್ಯಾರೆ ಯಾರದ ಬಾಗಲಾ ಹಿಂಗ ಮುಚ್ಚೇತೋ ಏನೋ."

ಎಲ್ಲವನ್ನೂ ಮತ್ತೊಮ್ಮೆ ನೋಡುವುದೆಂದರೆ ಪ್ರಯೋಗಾಲಯದ ಮರ್ಯಾದೆಯ ಪ್ರಶ್ನೆ. ಮೇಡಂ ವರದಿಯ ಹಾಳೆ ಅವಳ ಮುಂದಕ್ಕೆ ಸರಿಸಿ, "ಬರೀರಿ. ಇದ್ದದ್ದು ಇದ್ದಂಗ ಬರೀರಿ. ಕೆಳಗ ನಾ ಸಹಿ ಹಾಕ್ತೇನಿ" ಎಂದರು.

ವಿಚಾರಣೆ ನೋಟಿಸು ಕೊಟ್ಟಿದ್ದ ಬಾಗಲಕೋಟೆಯ ಕಚೇರಿಯಲ್ಲಿ ನಡೆಯಿತು. ನಜೀರಸಾಬ, ಕಾಸಿಂಬಿ ಇಬ್ಬರೂ ಬಸ್ಸಿನಲ್ಲಿ ಬಂದು ಮುಂಚೆಯೇ ಬೆಂಚಿನ ಮೇಲೆ ಕುಳಿತಿದ್ದರು. ಅಧಿಕಾರಿ ವಯಸ್ಸಾದ ಮನುಷ್ಯ. ವರದಿ ಓದಿ ಕನ್ನಡಕ ತೆಗೆದು ಕೇಳಿದರು.

"ಹಿಂದಿನ ಸಲ ನೀರು ಹಿಡದವರು ಯಾರು? ಅವರನ್ನ ಕರಸ್ರಿ, ಕೇಳೂಣು."

ಮೇಡಂ ಬಾಯಿ ತೆರೆಯುವಷ್ಟರಲ್ಲಿ ಮಹಾದೇವಿ ಎದ್ದು ನಿಂತಿದ್ದಳು.

"ಅವರು ತೀರಿಕೊಂಡಾರರಿ. ನಮ್ಮ ಯಜಮಾನ್ರು."

ಅಧಿಕಾರಿ ಕನ್ನಡಕ ಮತ್ತೆ ಹಾಕಿಕೊಂಡರು. ಕಾಸಿಂಬಿ ಬೆಂಚಿನ ಮೇಲೆ ಸ್ವಲ್ಪ ಮುಂದಕ್ಕೆ ಬಂದು, ಸೆರಗನ್ನು ಬಾಯಿಗೆ ಒತ್ತಿಕೊಂಡು, ಮಹಾದೇವಿಯನ್ನೇ ನೋಡುತ್ತಿದ್ದಳು.

ನೋಟಿಸು ಹಿಂದಕ್ಕೆ ಹೋಯಿತು. ಬಣ್ಣದ ನೀರಿಗೆ ಸಿಮೆಂಟಿನ ಹೊಂಡ ಕಟ್ಟಬೇಕೆಂಬ ಷರತ್ತಿನ ಮೇಲೆ ಬಣ್ಣದ ಮನೆ ತೆರೆಯಬಹುದು ಎಂದರು. ಇಷ್ಟರಲ್ಲಿ ಎಷ್ಟೋ ನೇಕಾರರು ನೂಲಿಗೆ ಬಣ್ಣ ಹಾಕಿಸಲು ಬೇರೆ ಕಡೆ ಹೋಗಿಬಿಟ್ಟಿದ್ದರು. ಗುಳೇದಗುಡ್ಡದ ರವಿಕೆ ಖಣ ನೇಯುವವರು ಸೊಲ್ಲಾಪುರದಿಂದ ಬಣ್ಣದ ನೂಲು ತರಿಸತೊಡಗಿದ್ದರು. ಎಲ್ಲರೂ ಹೊಳ್ಳಿ ಬರಲಿಲ್ಲ. ನಜೀರಸಾಬ ಒಂದೇ ಹಂಡೆಯಿಂದ ಮತ್ತೆ ಸುರು ಮಾಡಿದ.

ವಿಚಾರಣೆಯ ದಿನ ಕಚೇರಿಯ ಮೆಟ್ಟಿಲ ಬಳಿ ಕಾಸಿಂಬಿ ಮಹಾದೇವಿಯ ಮೊಣಕೈ ಹಿಡಿದಳು.

"ಅವತ್ತ ಹೇಳಬೇಕಿಲ್ಲೇನವಾ, ನಿನ್ನ ಗಂಡ ಅಂತ? ನಾ ಏನೇನೋ ಅಂದುಬಿಟ್ಟೆ."

"ನೀವು ಕೆಟ್ಟದ್ದೇನ ಅನ್ನಲಿಲ್ಲರಿ. ಛಲೋ ಹುಡುಗ ಅಂದ್ರಿ."

"ನಮ್ಮ ಬಾಗಲಾ ಮುಚ್ಚಿದ್ದು ಅವನ ಕೈಯಿಂದನ. ಅದನ್ನ ಮರಿಯಾಕ ಆಗೂದಿಲ್ಲ, ಸುಳ್ಳ ಯಾಕ ಹೇಳ್ಲಿ" ಎಂದಳು ಕಾಸಿಂಬಿ. ಆದರೆ ಮೊಣಕೈ ಬಿಡಲಿಲ್ಲ. ಬಸ್ಸು ಬರುವವರೆಗೂ ಇಬ್ಬರೂ ಹಾಗೆಯೇ ನಿಂತಿದ್ದರು.

ಮನೆಯಲ್ಲಿ ಮಹಾದೇವಿ ಅತ್ತೆಗೆ ಎಲ್ಲವನ್ನೂ ಹೇಳಿದಳು. ಬೋರವ್ವ ಅವರೆಕಾಯಿ ಸುಲಿಯುತ್ತಿದ್ದಳು. ಸುಲಿಯುವುದು ನಿಲ್ಲಿಸಲಿಲ್ಲ.

"ಸಣ್ಣಂವ ಇದ್ದಾಗಿಂದ ಹಂಗ" ಎಂದಳು. "ಕಾಲಿಗೆ ಮುಳ್ಳ ಮುರದ್ರ ಕೀವಾಗೂತನಕ ಹೇಳ್ತಿರಲಿಲ್ಲ. ಕುರಿ ಕಾಯಾಕ ಕುಂಟಗೋತ ಹೋಗ್ತಿದ್ದ." ಆಮೇಲೆ, "ನಿನಗ ಹೇಳ್ತಾನ ಅಂತ ತಿಳದಿದ್ದೆ" ಎಂದಳು. ಅದು ಆರೋಪವಾಗಿರಲಿಲ್ಲ. ಮಹಾದೇವಿ ಪಕ್ಕದಲ್ಲಿ ಕುಳಿತು ತಾನೂ ಒಂದು ಹಿಡಿ ಕಾಯಿ ತೆಗೆದುಕೊಂಡಳು.

ಆ ಬೇಸಿಗೆಯೆಲ್ಲ ಅವಳು ಗಂಡ ಹೋದ ದಾರಿಯಲ್ಲೇ ತಿರುಗಿದಳು. ಮುತ್ತುರಾಜ ಹೋಳಿಯ ನಂತರ ನೀರು ಹಿಡಿದ ಬೋರುಗಳಿಗೆಲ್ಲ ಅನೀಸ ಅವಳನ್ನು ಕರೆದೊಯ್ದ. ಕೇಳದಿದ್ದರೂ ಜನ ಹೇಳುತ್ತಿದ್ದರು. ಬಾದಾಮಿ ಬದಿಯ ಒಂದು ಕಡೆ, ಅವನು ಬುತ್ತಿಯ ರೊಟ್ಟಿಯನ್ನೆಲ್ಲ ಕಾವಲುಗಾರನ ಹೆಂಡತಿಗೆ ಕೊಟ್ಟು ನನಗೆ ಹಸಿವಿಲ್ಲ ಎಂದಿದ್ದನಂತೆ. ಶಿವಯೋಗ ಮಂದಿರದ ಹತ್ತಿರ ಮಲಪ್ರಭೆಯ ದಂಡೆಯಲ್ಲಿ, ಪಂಪು ಓಡುತ್ತಿರುವಾಗಲೇ ಮರಳಿನ ಮೇಲೆ ಅಂಗಾತ ಮಲಗಿಬಿಟ್ಟಿದ್ದನಂತೆ. ಕ್ವಾರಿಯೊಂದರಲ್ಲಿ ಯಾರಿಗೂ ಅವನ ನೆನಪಿರಲಿಲ್ಲ. ಕೆಲವು ಕಡೆ ಅವಳು ಹಿಡಿದ ನೀರು ಅವನದಕ್ಕಿಂತ ಬೇರೆ ಬಂತು. ಅಲ್ಲೆಲ್ಲ ವರದಿ ತಿದ್ದಲಾಯಿತು. ಕೆಲವರು ಬೈದರು. ಒಬ್ಬ ಗುತ್ತಿಗೆದಾರ ಈ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವುದನ್ನೇ ಬಿಟ್ಟ. ಮೇಡಂ ತಿದ್ದಿದ ಪ್ರತಿ ವರದಿಗೂ ಸಹಿ ಹಾಕಿದರು.

ಕೊನೆಯದು ಮರೋಳದ ಬೋರು, ಏತ ನೀರಾವರಿಯ ಕಾಲುವೆಗೆ ಹತ್ತಿದ ಹೊಲದ ಬದುವಿನಲ್ಲಿತ್ತು. ಮುತ್ತುರಾಜ ಅಲ್ಲಿಗೆ ಬಂದಿದ್ದು ಮಳೆ ಸುರುವಾಗುವ ಮುಂದೆ, ಎಲ್ಲಕ್ಕಿಂತ ಕಡೆಗೆ. ಆಗ ಅವನ ನೋವು ಹೆಚ್ಚಾಗಿರಲೇಬೇಕು. ಮಹಾದೇವಿ ಎಂದಿನಂತೆ ಮಟ್ಟ ನೋಡಿದಳು, ಪಂಪು ಇಳಿಸಿದಳು, ನೀರು ಹಿಡಿದಳು. ಕಾಲುವೆಯಲ್ಲಿ ಎಮ್ಮೆಗಳು ಬಿದ್ದುಕೊಂಡಿದ್ದವು.

ಫಲಿತಾಂಶ ಬಂದಾಗ ಮೇಡಂ ತಾವೇ ಕರೆದು ತೋರಿಸಿದರು. ಅವನ ನೀರಿನ ಅಂಕಿಗಳೂ ಅವಳವೂ ಸಾಲಿಗೆ ಸಾಲು ಹೊಂದಿದ್ದವು. ಮಣ್ಣು ಕದಡಿದ ಸುಳಿವೂ ಇರಲಿಲ್ಲ. ಅಂದು ಅವನು ನೋವಿನಲ್ಲೇ ಆ ಬದುವಿನ ಮೇಲೆ, ಮಟ್ಟ ಇಳಿಯದ ಹಾಗೆ, ಪೂರ್ತಿ ಹೊತ್ತು ಕಾದಿದ್ದ.

ಮನೆಗೆ ಬಂದು ಮಹಾದೇವಿ ಕೈಕಾಲು ತೊಳೆದಳು. ಬೋರವ್ವ ಒಲೆಯ ಮುಂದೆ ಇದ್ದಳು.

"ಅತ್ತಿ, ಮರೋಳದಾಗ ಅವ್ರು ನೀರು ಛಲೋ ಹಿಡದಿದ್ರು" ಎಂದಳು.

"ಹೌದೇನು?" ಎಂದಳು ಬೋರವ್ವ. ಒಲೆಯ ಕೆಂಡ ಹಿಂದಕ್ಕೆ ಸರಿಸಿದಳು. "ಕುಂದರು ಹಂಗಾರ. ರೊಟ್ಟಿ ಬಿಸಿ ಅದಾವು."

ಮಹಾದೇವಿ ಕುಳಿತಳು. ಪಲ್ಲೆಗೆ ಉಪ್ಪು ಕಡಿಮೆಯಾಗಿತ್ತು. ದಸರೆಯಿಂದ ಈಚೆಗೆ ಮೊದಲ ಸಲ ಅದು ಅವಳಿಗೆ ಗೊತ್ತಾಯಿತು. ಎದ್ದು ಉಪ್ಪಿನ ಡಬ್ಬಿ ತಂದುಕೊಂಡಳು.